ಹೆಸರು ಹೇಳುವ ವಿದ್ಯೆ



ವಿದ್ಯಾರ್ಥಿಗಳ ಪ್ರಾಮಾಣಿಕತೆ ಎಂದ ಕೂಡಲೇ ನಮ್ಮ ಮಾತು ಪರೀಕ್ಷಾ ಕೊಠಡಿಯ ಕಡೆಗೆ ಹೊರಳಿಬಿಡುತ್ತದೆ. ಚೀಟಿ, ಜಾಗೃತ ದಳ, ಕ್ಯಾಮೆರಾ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆಸಿದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣ ಹೆಚ್ಚಿಸಿದ ಮೇಲೆ. ಆ ಅಂಕಿಗಳನ್ನು ಹಿಡಿದು ಸಾಕಷ್ಟು ಚರ್ಚೆ ನಡೆದಿದೆ, ನಾನು ಅದಕ್ಕೆ ಸೇರಿಸುವುದೇನೂ ಇಲ್ಲ. ಕ್ಯಾಮೆರಾ ಇದ್ದಾಗ ಕಾಪಿ ಹೊಡೆಯದೆ ಇರುವುದನ್ನು ಎಚ್ಚರಿಕೆ ಎನ್ನಬಹುದು, ಪ್ರಾಮಾಣಿಕತೆ ಎನ್ನಲು ನನಗೆ ಸಂಕೋಚ. ಇಂದು ನಾನು ಎತ್ತಿಕೊಂಡಿರುವುದು ಕ್ಯಾಮೆರಾ ಇಲ್ಲದ ಕಡೆಯ ಬರವಣಿಗೆಯನ್ನು: ವಿದ್ಯಾರ್ಥಿ ಮನೆಯಲ್ಲಿ ಕೂತು ಬರೆಯುವ ಪ್ರಬಂಧ, ಕಾಲೇಜಿಗೆ ಒಪ್ಪಿಸುವ ಪ್ರಾಜೆಕ್ಟ್ ವರದಿ, ಮುಂದೆ ಸಂಶೋಧನೆಗೆ ಹೋದರೆ ಮಹಾಪ್ರಬಂಧ. ಅಲ್ಲಿ ಅವನು ಬೇರೆಯವರಿಂದ ಪಡೆದದ್ದನ್ನು ಪಡೆದದ್ದು ಎಂದು ಹೇಳುತ್ತಾನೆಯೇ, ಹೇಳುವುದನ್ನು ಅವನಿಗೆ ಯಾರಾದರೂ ಕಲಿಸಿದ್ದಾರೆಯೇ?

ನನ್ನ ವಾದವನ್ನು ಮೊದಲೇ ಮುಂದಿಡುತ್ತೇನೆ. ಕೃತಿಚೌರ್ಯದ ಭಯವನ್ನು ಹುಟ್ಟಿಸುವುದಕ್ಕಿಂತ ಬಹಳ ಮೊದಲು ಆಕರದ ಹೆಸರು ಹೇಳುವ ಅಭ್ಯಾಸವನ್ನು ಹುಟ್ಟಿಸಬೇಕು. ಅದು ಆಗಬೇಕಾದ ಜಾಗ ಪದವಿ ತರಗತಿ. ನಿಯಮಗಳು ಮೌನವಾಗಿರುವುದೂ ಅಲ್ಲಿಯೇ. ಈ ಕಲಿಕೆಗೆ ಬೇಕಾದ ಸಾಮಗ್ರಿ ತೀರ್ಥಹಳ್ಳಿ, ಹೊಸನಗರ, ಸಾಗರ ಎಂಬ ನಮ್ಮ ಮೂರು ತಾಲ್ಲೂಕುಗಳ ಒಳಗೇ, ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಿಂದಿರುಗುವಷ್ಟು ಹತ್ತಿರದಲ್ಲಿ ಇದೆ.

ಮೊದಲು ನಿಯಮದ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈನಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಉತ್ತೇಜನ ಮತ್ತು ಕೃತಿಚೌರ್ಯದ ತಡೆಗೆಂದು ಒಂದು ನಿಯಮಾವಳಿಯನ್ನು ಹೊರಡಿಸಿತು. ಅದರ ಲೆಕ್ಕಾಚಾರ ನಮಗೆಲ್ಲ ಬಾಯಿಪಾಠವಾಗಿದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ತಿದ್ದಿ ಆರು ತಿಂಗಳ ಒಳಗೆ ಮತ್ತೆ ಒಪ್ಪಿಸಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಒಪ್ಪಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಸಾಮಾನ್ಯ ಜ್ಞಾನದ ಮಾತುಗಳು ಮತ್ತು ಕಾಕತಾಳೀಯವಾಗಿ ಹೊಂದುವ ಮಾತುಗಳಿಗೆ ಸತತ ಹದಿನಾಲ್ಕು ಪದಗಳವರೆಗೆ ವಿನಾಯಿತಿಯೂ ಇದೆ. ಅಧ್ಯಾಪಕರಿಗೂ ಶಿಕ್ಷೆಯುಂಟು: ವೇತನ ಬಡ್ತಿ ತಪ್ಪುತ್ತದೆ, ಮಾರ್ಗದರ್ಶನದ ಅವಕಾಶ ಕೆಲವು ವರ್ಷ ಹೋಗುತ್ತದೆ.

ಇದೇ ನಿಯಮಾವಳಿಯಲ್ಲಿ, ಯಾವ ಬರವಣಿಗೆಗೆ ಇದು ಅನ್ವಯ ಎಂದು ಹೇಳುವ ಜಾಗದಲ್ಲಿ ಒಂದು ಸಾಲಿದೆ. ನಾವು ಅದನ್ನು ಓದಿಯೂ ಓದದಂತೆ ದಾಟಿಹೋಗುತ್ತೇವೆ. ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗೆ ಒಪ್ಪಿಸುವ ಪ್ರಬಂಧಗಳು, ಪ್ರಕಟಣೆಗೆ ಕೊಡುವ ಲೇಖನಗಳು ಇದರ ವ್ಯಾಪ್ತಿಗೆ ಬರುತ್ತವೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ತರಗತಿಯ ಪ್ರಬಂಧ, ಉತ್ತರ ಪತ್ರಿಕೆ ಇವೆಲ್ಲ ಹೊರಗೆ. ಅಂದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬಿ.ಎ., ಬಿ.ಕಾಂ. ಓದುವ ವಿದ್ಯಾರ್ಥಿ ಮೂರು ವರ್ಷ ಬರೆಯುವ ಯಾವುದಕ್ಕೂ ಈ ನಿಯಮ ತಾಗುವುದಿಲ್ಲ. ಹಾಗೆ ಬಿಟ್ಟಿರುವುದು ಸರಿಯೇ. ಹದಿನೆಂಟರ ಹುಡುಗಿಯ ಅಸೈನ್‌ಮೆಂಟನ್ನು ಶಿಸ್ತು ಸಮಿತಿಯ ಮುಂದೆ ಇಡುವುದು ವಿವೇಕವಲ್ಲ. ಆದರೆ ಪರಿಣಾಮವನ್ನು ನೋಡಿ. ಮೂರು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗಿ ಎಂ.ಎ. ಪ್ರಬಂಧಕ್ಕೆ ಕೂತ ದಿನ ಅವಳಿಗೆ ಮೊದಲ ಸಲ ಕೇಳುತ್ತೇವೆ, ಅದೂ ಶೇಕಡಾವಾರು ಭಾಷೆಯಲ್ಲಿ. ಆಗ ಅವಳು ಕಲಿಯುವುದು ಒಂದೇ: ಪದ ಬದಲಿಸಿ ಶೇಕಡಾ ಇಳಿಸುವುದು ಹೇಗೆ ಎಂದು. ‘ಕಟ್ಟಿಸಿದನು’ ಇದ್ದಲ್ಲಿ ‘ನಿರ್ಮಿಸಿದನು’ ಎಂದು ಹಾಕುತ್ತಾಳೆ. ಹೋಲಿಕೆ ಇಳಿಯುತ್ತದೆ, ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ.

ಶೇಕಡಾವಾರು ಲೆಕ್ಕದ ಬಗ್ಗೆ ನನ್ನ ತಕರಾರು ಇಷ್ಟೇ. ಅಡಿಕೆ ಮಂಡಿಯ ತಕ್ಕಡಿ ತೂಕ ಹೇಳುತ್ತದೆ. ಅದು ಸರಕೋ ಗೊರಬಲೋ ಎಂದು ಹೇಳುವುದಕ್ಕೆ ಕೈಯಲ್ಲಿ ಹಿಡಿದು ನೋಡುವವರು ಬೇಕು. ಅದರಲ್ಲೂ ಕನ್ನಡದ ತಕ್ಕಡಿಯಲ್ಲಿ ಕಲ್ಲುಗಳೇ ಸಾಲದು. 2019ರಲ್ಲಿ ಇನ್‌ಫ್ಲಿಬ್‌ನೆಟ್ ಸಂಸ್ಥೆ ‘ಶೋಧಶುದ್ಧಿ’ ಎಂಬ ಹೆಸರಿನಲ್ಲಿ ಹೋಲಿಕೆ ಪತ್ತೆಯ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸತೊಡಗಿತು. ಯಂತ್ರ ತಾನು ಬಲ್ಲ ಪಠ್ಯದೊಡನೆ ಮಾತ್ರ ಹೋಲಿಸಬಲ್ಲದು. ಐವತ್ತು ವರ್ಷದ ಹಿಂದಿನ ಕನ್ನಡ ಪತ್ರಿಕೆಯ ಲೇಖನ, ಅಭಿನಂದನ ಗ್ರಂಥದ ಯಾವುದೋ ಮೂಲೆಯ ಬರಹ, ಹಳೆಯ ನುಡಿ ಅಕ್ಷರದಲ್ಲಿ ಜೋಡಿಸಿ ಅಚ್ಚಾದ ಪುಸ್ತಕ ಇವು ಅದರ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ಹೀಗಾಗಿ ಕನ್ನಡ ಪ್ರಬಂಧವೊಂದಕ್ಕೆ ಸಿಕ್ಕ ಶೇ. 4 ಎಂಬ ಪ್ರಮಾಣಪತ್ರ ಆ ಪ್ರಬಂಧ ಶುದ್ಧ ಎಂದು ಹೇಳುವುದಿಲ್ಲ, ಯಂತ್ರಕ್ಕೆ ಏನೂ ಸಿಗಲಿಲ್ಲ ಎಂದಷ್ಟೇ ಹೇಳುತ್ತದೆ. ಅದನ್ನು ಪ್ರಬಂಧದ ಹಿಂದೆ ಲಗತ್ತಿಸಿ ನಿಶ್ಚಿಂತರಾಗಿರುವ ಮಾರ್ಗದರ್ಶಕರು ನಮ್ಮಲ್ಲಿ ಕಡಿಮೆಯೇನಿಲ್ಲ.

ನಕಲು ಮಾಡುವುದೇ ತಪ್ಪು ಎಂಬ ಭಾವನೆಯನ್ನೂ ಸ್ವಲ್ಪ ಸಡಿಲಿಸಬೇಕಾಗಿದೆ. ನಮ್ಮ ಸಾಹಿತ್ಯ ಉಳಿದು ಬಂದದ್ದು ಪ್ರತಿ ಮಾಡುವವರಿಂದ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂದು ಪರಂಪರೆ ಹೇಳುತ್ತದೆ. ಆ ಸಾವಿರ ಪ್ರತಿಯಲ್ಲಿ ಒಂದಾದರೂ ಪೊನ್ನನ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿಕೊಂಡದ್ದಲ್ಲ. ಓಲೆಗರಿಯ ಲಿಪಿಕಾರ ಕೊನೆಯ ಗರಿಯಲ್ಲಿ ತನ್ನ ಹೆಸರು ಬರೆದು, ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿ ಎಂಬರ್ಥದ ಮಾತನ್ನು ಸೇರಿಸುತ್ತಿದ್ದ. ನಾನು ಕರ್ತೃವಲ್ಲ, ಪ್ರತಿಕಾರ ಎಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಅವಮಾನ ಕಾಣಲಿಲ್ಲ. ಇನ್ನೊಬ್ಬರ ಮಾತನ್ನು ಹೇಳುವಾಗ ತಾನು ಎಲ್ಲಿ ನಿಂತಿದ್ದೇನೆ ಎಂದು ಗುರುತು ಮಾಡುವ ಈ ಶಿಸ್ತನ್ನು ನಾವು ಆಮದು ಮಾಡಿಕೊಳ್ಳಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 13ನೇ ಶತಮಾನದಲ್ಲಿ ತಂದೆ ಮತ್ತು ಮಗ ಇಬ್ಬರೂ ಹಿಂದಿನ ಕವಿಗಳ ಪದ್ಯಗಳನ್ನು ಬಳಸಿ ಕೃತಿ ರಚಿಸಿದರು. ತಂದೆ ಮಲ್ಲಿಕಾರ್ಜುನ ಹೊಯ್ಸಳ ಸೋಮೇಶ್ವರನಿಗಾಗಿ ಸೂಕ್ತಿಸುಧಾರ್ಣವ ಎಂಬ ಸಂಕಲನವನ್ನು ಮಾಡಿದ. ಪದ್ಯಗಳನ್ನು ವಿಷಯವಾರು ಜೋಡಿಸಿದ, ಯಾವ ಪದ್ಯ ಯಾರದು ಎಂದು ಹೇಳುವ ಗೋಜಿಗೆ ಹೋಗಲಿಲ್ಲ. ಅವನ ಕಾಲದ ಓದುಗರಿಗೆ ಅದು ಬೇಕಾಗಿರಲಿಲ್ಲವೇನೋ. ಮಗ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲೇ ತನ್ನ ವ್ಯಾಕರಣಕ್ಕೆ ಲಕ್ಷ್ಯ ಯಾರ ಯಾರ ಮಾರ್ಗದ್ದು ಎಂದು ಹೆಸರುಗಳ ಪಟ್ಟಿ ಕೊಟ್ಟ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಇವರಲ್ಲಿ ಕೆಲವರ ಕೃತಿಗಳು ಇಂದಿಗೂ ದೊರೆತಿಲ್ಲ. ಒಬ್ಬ ವೈಯಾಕರಣ ಋಣ ಒಪ್ಪಿಕೊಂಡದ್ದರಿಂದ ಹೆಸರುಗಳಾದರೂ ನಮ್ಮವರೆಗೆ ಬಂದವು.

ಮಲ್ಲಿಕಾರ್ಜುನನ ಸಂಕಲನದ ಪದ್ಯಗಳ ಮೂಲ ಹುಡುಕುವುದಕ್ಕೆ ಆರ್. ನರಸಿಂಹಾಚಾರ್ಯರಂಥ ವಿದ್ವಾಂಸರು ಕಣ್ಣು ಸವೆಸಬೇಕಾಯಿತು. ಆ ಹುಡುಕಾಟಕ್ಕೆ ಒದಗಿದ ಪುಸ್ತಕಗಳಲ್ಲೊಂದು 16ನೇ ಶತಮಾನದ ಅಭಿನವವಾದಿ ವಿದ್ಯಾನಂದನ ಕಾವ್ಯಸಾರ. ಅದೂ ಸಂಕಲನವೇ. ಆದರೆ ವಿದ್ಯಾನಂದ ಪದ್ಯದೊಡನೆ ಅದನ್ನು ಎತ್ತಿಕೊಂಡ ಕಾವ್ಯದ ಹೆಸರನ್ನು ಹೇಳುವವನು. ಗುಣವರ್ಮನ ಶೂದ್ರಕ, ಹರಿವಂಶಗಳು ಇಡಿಯಾಗಿ ಯಾರಿಗೂ ಸಿಕ್ಕಿಲ್ಲ. ಅವು ಎಂಥ ಕಾವ್ಯಗಳಾಗಿದ್ದವು ಎಂದು ಇಷ್ಟಾದರೂ ಊಹಿಸಬಲ್ಲೆವಾದರೆ ಅದು ಉದ್ಧರಿಸಿದವರ ಉಪಕಾರ. ನಮ್ಮ ಹೊಸನಗರ ತಾಲ್ಲೂಕಿನ ಹುಂಚದ ಶಾಸನವೊಂದು ರಾಜಾಸ್ಥಾನಗಳಲ್ಲಿ ವಾದ ಗೆದ್ದ ವಾದಿ ವಿದ್ಯಾನಂದನನ್ನು ಕೊಂಡಾಡುತ್ತದೆ. ಆತನೇ ಕಾವ್ಯಸಾರದ ಕರ್ತೃ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ವಾದದಲ್ಲಿ ಗೆದ್ದದ್ದು ಕಲ್ಲಿನ ಮೇಲೆ ಉಳಿಯಿತು. ಕನ್ನಡಕ್ಕೆ ಹೆಚ್ಚು ಉಪಯೋಗವಾದದ್ದು ಮಾತ್ರ ಆ ಪದ್ಯಗಳ ಪಕ್ಕದಲ್ಲಿ ಬರೆದಿಟ್ಟ ಹೆಸರುಗಳು ಎಂದು ನನಗೆ ಅನ್ನಿಸುತ್ತದೆ.

ಆಧುನಿಕ ಕನ್ನಡದ ಮೊದಲ ಹೆಜ್ಜೆಗಳಲ್ಲೂ ಈ ಗುಣ ಕಾಣುತ್ತದೆ. ಬಿ.ಎಂ.ಶ್ರೀ. ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು; ಋಣ ಮುಖಪುಟದಲ್ಲೇ ಇದೆ. ಕುಪ್ಪಳಿಯ ಕವಿ ಕುವೆಂಪು ರಾಮಾಯಣ ದರ್ಶನವನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಷೇಕ್ಸ್‌ಪಿಯರನಿಂದ ಬಂದ ‘ರಕ್ತಾಕ್ಷಿ’ ‘ಬಿರುಗಾಳಿ’ಗಳನ್ನು ಓದಿ ಅವು ಕುವೆಂಪು ಅವರವೇ ಅಲ್ಲ ಎಂದವರಿಲ್ಲ. ಪಡೆದದ್ದನ್ನು ಒಪ್ಪಿಕೊಂಡರೆ ತಮ್ಮದು ಕಡಿಮೆಯಾದೀತು ಎಂಬ ಅಂಜಿಕೆ ವಿದ್ಯಾರ್ಥಿಗಳಲ್ಲಿ ಬಹಳ. ಅಡಿಟಿಪ್ಪಣಿ ಜಾಸ್ತಿಯಾದರೆ ಮೇಷ್ಟ್ರು ಅಂಕ ಕಡಿಮೆ ಮಾಡುತ್ತಾರೆ ಎಂದು ನಂಬಿದ ಮಕ್ಕಳಿದ್ದಾರೆ. ಆ ನಂಬಿಕೆಗೆ ನಾವೇ ಕಾರಣವಲ್ಲವೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಈಗ ಕಲಿಸುವ ಬಗೆ. ಒಂದೇ ಒಂದು ವಾಕ್ಯ ತೆಗೆದುಕೊಳ್ಳೋಣ: ‘ಹುಂಚದ ಪಂಚಕೂಟ ಬಸದಿಯನ್ನು ಚಟ್ಟಲದೇವಿ 1077ರಲ್ಲಿ ಕಟ್ಟಿಸಿದಳು.’ ನಮ್ಮ ಕಡೆಯ ಇತಿಹಾಸ ಪ್ರಾಜೆಕ್ಟುಗಳಲ್ಲಿ ಈ ವಾಕ್ಯ ಬಾರದೆ ಇರುವುದು ಕಷ್ಟ. ಬರೆದ ವಿದ್ಯಾರ್ಥಿಯನ್ನು ಕೇಳಿ: ಇದು ನಿನಗೆ ಹೇಗೆ ಗೊತ್ತು? ‘ಪುಸ್ತಕದಲ್ಲಿತ್ತು ಸಾರ್’ ಎನ್ನುತ್ತಾನೆ. ಯಾವ ಪುಸ್ತಕ? ಪ್ರವಾಸಿ ಕೈಪಿಡಿ. ಕೈಪಿಡಿಗೆ ಹೇಗೆ ಗೊತ್ತು? ಅದು ಯಾವುದೋ ಜಿಲ್ಲಾ ಚರಿತ್ರೆಯಿಂದ ತೆಗೆದುಕೊಂಡಿರುತ್ತದೆ. ಆ ಚರಿತ್ರೆಯ ಅಡಿಟಿಪ್ಪಣಿ ನೋಡಿದರೆ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 8, ನಗರ 35’ ಎಂದಿರುತ್ತದೆ. ಅದು ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಸಂಪುಟ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿವೆ. ನಗರ ಎಂದರೆ ಅಂದಿನ ತಾಲ್ಲೂಕಿನ ಹೆಸರು, ಇಂದಿನ ಹೊಸನಗರ. ಇದು ಗೊತ್ತಿಲ್ಲದ ಹುಡುಗ ಬಿದನೂರು ನಗರದ ಕೋಟೆಯಲ್ಲಿ ಹೋಗಿ ಆ ಕಲ್ಲನ್ನು ಹುಡುಕಿಯಾನು! ರೈಸ್ ಅವರ ಸಂಪುಟದ ಹಿಂದೆ ಹುಂಚದಲ್ಲಿ ನಿಂತಿರುವ ಕಲ್ಲು ಇದೆ. ಆ ಕಲ್ಲಿನಲ್ಲಿ ಸಾಂತರ ವಂಶದವರ ಹೆಸರು, ಉರ್ವೀತಿಲಕವೆಂದು ಕರೆದ ಆ ಬಸದಿಯ ಮಾತು, ಗುರುಗಳ ದೀರ್ಘ ಪರಂಪರೆ, ದತ್ತಿಯ ವಿವರ ಎಲ್ಲ ಇವೆ.

ಹೀಗೆ ಒಂದು ವಾಕ್ಯದ ಹಿಂದೆ ನಾಲ್ಕು ಮೆಟ್ಟಿಲು. ನಮ್ಮ ವಿದ್ಯಾರ್ಥಿ ನಿಂತಿರುವುದು ಮೇಲಿನ ಮೆಟ್ಟಿಲಲ್ಲಿ, ಕೈಪಿಡಿಯ ಪಕ್ಕ. ಅವನು ಕೈಪಿಡಿಯ ವಾಕ್ಯ ಎತ್ತಿಕೊಂಡು ಹೆಸರು ಹೇಳದೆ ಬಿಟ್ಟರೆ ಅದು ಎಲ್ಲರೂ ಗುರುತಿಸುವ ತಪ್ಪು. ಇನ್ನೊಂದು ತಪ್ಪು ಹೆಚ್ಚು ಜಾಣತನದ್ದು, ಎಂ.ಎ. ಮುಗಿಸಿದವರಲ್ಲೂ ಕಾಣುವಂಥದ್ದು: ಓದಿದ್ದು ಕೈಪಿಡಿಯನ್ನು, ಅಡಿಟಿಪ್ಪಣಿಯಲ್ಲಿ ಬರೆಯುವುದು ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 8’ ಎಂದು. ಸಂಪುಟವನ್ನು ಕಣ್ಣಿನಿಂದ ಕಂಡಿಲ್ಲ. ಯಾವ ತಂತ್ರಾಂಶವೂ ಇದನ್ನು ಹಿಡಿಯುವುದಿಲ್ಲ, ಯಾವ ಶೇಕಡಾ ಲೆಕ್ಕಕ್ಕೂ ಇದು ಸಿಗುವುದಿಲ್ಲ. ಆದರೆ ಓದುಗನಿಗೆ ಹೇಳಿದ ಸುಳ್ಳು ಎಂಬ ಲೆಕ್ಕದಲ್ಲಿ ಇದೇ ದೊಡ್ಡದು. ಕೈಪಿಡಿಯಲ್ಲಿ ವರ್ಷ ತಪ್ಪಾಗಿ ಅಚ್ಚಾಗಿದ್ದರೆ ಆ ತಪ್ಪು ಈಗ ಶಾಸನದ ಹೆಸರಿನಲ್ಲಿ ಮುಂದೆ ಹೋಗುತ್ತದೆ. ‘ಇಂಥ ಕೈಪಿಡಿಯಲ್ಲಿ ಉಲ್ಲೇಖಿಸಿರುವಂತೆ’ ಎಂದು ಬರೆಯುವುದಕ್ಕೆ ಅವನಿಗೆ ನಾಚಿಕೆ. ಆ ನಾಚಿಕೆ ಬಿಡಿಸುವುದು ನಮ್ಮ ಕೆಲಸ. ನಾನು ನಿಂತ ಮೆಟ್ಟಿಲು ಇದು ಎಂದು ಬರೆದವನು ಕೈಪಿಡಿ ಓದಿಯೂ ಪ್ರಾಮಾಣಿಕನೇ.

ಆದ್ದರಿಂದ ವಿದ್ಯಾರ್ಥಿಗೆ ‘ಕೆಳದಿ ಅರಸರು’ ಎಂಬ ಶೀರ್ಷಿಕೆ ಕೊಡಬೇಡಿ ಎಂದು ನಾನು ಅಧ್ಯಾಪಕರಲ್ಲಿ ಬೇಡಿಕೊಳ್ಳುತ್ತೇನೆ. ಅಂಥ ಶೀರ್ಷಿಕೆ ಕೊಟ್ಟ ಕ್ಷಣವೇ ನಕಲು ಅನಿವಾರ್ಯವಾಗುತ್ತದೆ. ಇಪ್ಪತ್ತು ಪುಟದಲ್ಲಿ ಕೆಳದಿಯ ಇತಿಹಾಸವನ್ನು ಅವನು ಇನ್ನೆಲ್ಲಿಂದ ತಂದಾನು? ಬದಲಿಗೆ ಒಂದು ಶಾಸನದ ಸಂಖ್ಯೆ ಕೊಡಿ. ಅಥವಾ ಒಂದು ಘಟನೆ ಕೊಟ್ಟು, ಅದನ್ನು ಇಬ್ಬರು ಹೇಗೆ ಹೇಳಿದ್ದಾರೆ ನೋಡು ಎನ್ನಿ. ಲಿಂಗಣ್ಣ ಕವಿಯ ಕೆಳದಿನೃಪವಿಜಯ ಆಸ್ಥಾನಕ್ಕೆ ಹತ್ತಿರದವನ ಬರವಣಿಗೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಇಕ್ಕೇರಿಗೆ ಬಂದವನು, ಕೆಳದಿಯ ವೆಂಕಟಪ್ಪ ನಾಯಕನ ದರಬಾರನ್ನು ಕಂಡವನು. ಕವಿಗೆ ಅರಸು ಮನೆತನದ ಕೀರ್ತಿ ಮುಖ್ಯ. ಪ್ರವಾಸಿಗೆ ಕಂಡದ್ದು ಹೊಸದು, ಆದರೆ ಭಾಷೆ ಬಾರದು. ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ಎರಡು ಪುಟ ಬರೆದ ವಿದ್ಯಾರ್ಥಿ ನಕಲು ಮಾಡುವುದು ಹೇಗೆ? ಆ ಹೋಲಿಕೆ ಬೇರೆಲ್ಲೂ ಸಿದ್ಧವಾಗಿ ಸಿಗುವುದಿಲ್ಲ.

ಕೆಳದಿಯ ಚೆನ್ನಮ್ಮಾಜಿಯ ಪ್ರಸಂಗವನ್ನೇ ನೋಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸಿಟ್ಟಿಗೆ ಗುರಿಯಾದ ರಾಣಿ ನಮ್ಮ ಹೆಮ್ಮೆ. ಹೆಮ್ಮೆ ಇರುವಲ್ಲಿ ಎಚ್ಚರ ತಪ್ಪುತ್ತದೆ. ರಾಣಿ ಮೊಗಲ್ ದೂತನಿಗೆ ಆಡಿದ ಮಾತುಗಳೆಂದು ಉದ್ಧರಣ ಚಿಹ್ನೆಯ ಒಳಗೆ ಎರಡು ಮೂರು ಸಾಲು ಭರ್ಜರಿ ಸಂಭಾಷಣೆ ಬರೆದಿರುತ್ತಾರೆ. ಅದು ಬಂದದ್ದು ಶಾಲಾ ವಾರ್ಷಿಕೋತ್ಸವದ ನಾಟಕದಿಂದ ಇರಬಹುದು, ಯಾರೋ ಹರಿಬಿಟ್ಟ ವಿಡಿಯೊದಿಂದ ಇರಬಹುದು. ನಾಟಕಕಾರ ಮಾತು ಕಲ್ಪಿಸಿಕೊಳ್ಳುವುದು ಅವನ ಹಕ್ಕು. ಅದೇ ಮಾತು ಇತಿಹಾಸದ ಪ್ರಬಂಧದಲ್ಲಿ ಉದ್ಧರಣವಾದರೆ ರಾಣಿಯ ಬಾಯಿಗೆ ನಾವೇ ಮಾತು ತುರುಕಿದಂತೆ. ಉದ್ಧರಣ ಚಿಹ್ನೆ ಹಾಕಿದೆ ಎಂದರೆ ಆ ಮಾತನ್ನು ತೋರಿಸಬಲ್ಲೆ ಎಂದು ಒಪ್ಪಿಕೊಂಡಂತೆ ಎಂಬುದನ್ನು ಮೊದಲ ವರ್ಷದ ಮೊದಲ ತಿಂಗಳಲ್ಲೇ ಹೇಳಬೇಕು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯ ಶಿಸ್ತಿನಲ್ಲಿ ಸಿದ್ಧವಾದ ಯಾವುದೇ ಹಳಗನ್ನಡ ಕಾವ್ಯದ ಒಂದು ಪುಟವನ್ನು ತರಗತಿಗೆ ತಂದು ಅಡಿಯಲ್ಲಿರುವ ಪಾಠಾಂತರಗಳನ್ನು ತೋರಿಸಿ. ‘ಕ’ ಪ್ರತಿಯಲ್ಲಿ ಹೀಗೆ, ‘ಗ’ ಪ್ರತಿಯಲ್ಲಿ ಹಾಗೆ ಎಂದು ಒಂದು ಅಕ್ಷರದ ವ್ಯತ್ಯಾಸವನ್ನೂ ಮುಚ್ಚಿಡದ ಆ ಪುಟ ಹತ್ತು ಉಪದೇಶಗಳಿಗೆ ಸಮ.

ಪುಸ್ತಕದ ಆಕರಕ್ಕಾದರೂ ಹೆಸರಿದೆ; ಕೇಳುವವರು ಯಾರೋ ಇದ್ದಾರೆ. ಮನುಷ್ಯರೇ ಆಕರವಾದಾಗ ನಮ್ಮ ನಡವಳಿಕೆ ಇನ್ನೂ ಸಡಿಲ. ಸಾಗರದ ಸುತ್ತಿನ ದೀವರ ಮನೆಗಳ ಹಸೆ ಚಿತ್ತಾರದ ಮೇಲೆ ಪ್ರಾಜೆಕ್ಟ್ ಮಾಡುವುದು ಈಗ ಸಾಮಾನ್ಯ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಎಲ್ಲದರ ವಿವರ ವರದಿಯಲ್ಲಿರುತ್ತದೆ. ಫೋಟೊ ಕೂಡ ಇರುತ್ತದೆ. ಬರೆದ ಹೆಂಗಸಿನ ಹೆಸರು ಇರುವುದಿಲ್ಲ. ‘ಜನಪದ ಕಲೆ’ ಎಂದು ಬರೆದು ಮುಗಿಸಿರುತ್ತಾರೆ. ಗೋಡೆಯ ಮುಂದೆ ಮೂರು ದಿನ ಕೂತು ಎಳೆ ಎಳೆದವಳು ಜನಪದವಾಗಿ ಕರಗಿಹೋಗಿ, ಫೋಟೊ ತೆಗೆದ ವಿದ್ಯಾರ್ಥಿ ಮಾತ್ರ ಹೆಸರಾಗಿ ಉಳಿಯುವುದು ಎಂಥ ನ್ಯಾಯ? ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ಹಾಡಿದ ಪದವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬರುವವರಿಗೂ ಇದೇ ಮಾತು. ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು, ಅಚ್ಚು ಹಾಕಲು ಅವರು ಒಪ್ಪಿದ್ದಾರೆಯೇ? ನಾಲ್ಕು ಪ್ರಶ್ನೆ, ಅರ್ಧ ಪುಟ. ಒಪ್ಪದಿದ್ದರೆ ಅಥವಾ ಹೆಸರು ಬೇಡ ಎಂದರೆ ಅದನ್ನೂ ಬರೆಯಬೇಕು.

ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ಫಣಿಯಮ್ಮ ನಿಜವಾಗಿ ಬಾಳಿದ ಹೆಂಗಸು, ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿಕೊಂಡಿದ್ದರು, ಅದು ತಾಯಿಯಿಂದ ಮಗಳಿಗೆ ಬಂತು ಎಂಬುದನ್ನು ಇಂದಿರಾ ಮರೆಮಾಚಲಿಲ್ಲ. ಕಾದಂಬರಿಕಾರ್ತಿಗೆ ಅದನ್ನು ಹೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ಹೇಳಿದ್ದರಿಂದ ಕೃತಿಯ ತೂಕ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಬಾಯಿಮಾತಿನ ಆಕರದಲ್ಲಿ ಇನ್ನೊಂದು ತೊಡಕಿದೆ. 1951ರ ಕಾಗೋಡು ಸತ್ಯಾಗ್ರಹವನ್ನು ತೆಗೆದುಕೊಳ್ಳಿ. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಹೊತ್ತಿಕೊಂಡ ಜಗಳ. ಗಣಪತಿಯಪ್ಪ, ನಮ್ಮ ಆರಗದ ಶಾಂತವೇರಿ ಗೋಪಾಲಗೌಡ, ಬಂದು ಬಂಧನಕ್ಕೊಳಗಾದ ಲೋಹಿಯಾ ಎಲ್ಲರಿಗೂ ಗೊತ್ತು. ಗೇಣಿದಾರರ ಮನೆಯ ಮೊಮ್ಮಗ ಕೇಳಿಕೊಂಡು ಬರುವ ಕಥೆ ಒಂದು, ಒಡೆಯರ ಮನೆಯ ಮೊಮ್ಮಗಳು ಕೇಳಿಕೊಂಡು ಬರುವ ಕಥೆ ಇನ್ನೊಂದು. ಇಬ್ಬರೂ ಒಂದೇ ತರಗತಿಯಲ್ಲಿ ಕೂತಿರುತ್ತಾರೆ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯ ಕಥೆಗಳೂ ಹಾಗೆಯೇ. ಹೇಳಿದವರು ಎಲ್ಲಿ ನಿಂತು ಹೇಳಿದರು ಎಂದು ಬರೆಯದಿದ್ದರೆ ಒಂದು ಮನೆಯ ನೆನಪು ಊರಿನ ಇತಿಹಾಸವಾಗಿ ಅಚ್ಚಾಗುತ್ತದೆ. ತಮಗೆ ಇಷ್ಟವಿಲ್ಲದ ಸಾಕ್ಷಿಯನ್ನು ಬಿಟ್ಟುಬಿಡುವುದು ಕದಿಯುವುದಕ್ಕಿಂತ ಸಣ್ಣ ಅಪರಾಧವಲ್ಲ ಎಂದು ನಾನು ತಿಳಿದಿದ್ದೇನೆ. ಅದನ್ನು ಕಲಿಸುವುದು ಬಹಳ ಕಷ್ಟ ಎಂಬುದನ್ನೂ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ವಿದ್ಯಾರ್ಥಿ ತನ್ನ ಮನೆಯವರಿಗೇ ಎದುರು ನಿಲ್ಲಬೇಕಾಗಬಹುದು.

ಕಾನೂನು ಮತ್ತು ನೀತಿಯನ್ನು ಬೆರೆಸಿಕೊಳ್ಳುವುದರ ಬಗ್ಗೆ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ಕೃತಿಗಳ ಹಕ್ಕು 2054ರ ಕೊನೆಯವರೆಗೆ. ಪಂಪನಿಗೆ ಹಕ್ಕಿಲ್ಲ. ಹಾಗೆಂದು ಪಂಪನ ಹೆಸರು ಹೇಳದೆ ಅವನ ಮಾತು ಬಳಸಿಕೊಳ್ಳಬಹುದೇ? ಇನ್ನೊಂದು ಕಡೆ, ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿ ಕೊಡುವುದನ್ನು ದೆಹಲಿ ಹೈಕೋರ್ಟು 2016ರಲ್ಲಿ ಒಪ್ಪಿತು. ಜೆರಾಕ್ಸ್ ಅಂಗಡಿಯಿಂದ ಕಾನೂನುಬದ್ಧವಾಗಿ ತಂದ ಹಾಳೆಯನ್ನೇ ತನ್ನ ಬರಹ ಎಂದು ಒಪ್ಪಿಸಿದರೆ ಅಲ್ಲಿ ಕಾನೂನು ಮುರಿಯದೆಯೇ ನೀತಿ ಮುರಿದಿರುತ್ತದೆ.

ಈಗ ಮುಂದೂಡಿದ್ದ ಪ್ರಶ್ನೆ. ವಿದ್ಯಾರ್ಥಿ ಹೆಸರು ಹೇಳದಿರುವುದನ್ನು ಕಲಿತದ್ದು ಎಲ್ಲಿ? ನಮ್ಮ ನೋಟ್ಸಿನಲ್ಲಿ. ಹಳದಿ ಬಣ್ಣಕ್ಕೆ ತಿರುಗಿದ ಪುಸ್ತಕದಿಂದ ನಾವು ಹೇಳಿ ಬರೆಸುವ ಪಾಠದಲ್ಲಿ ಒಂದು ಪ್ಯಾರಾ ತೀ.ನಂ.ಶ್ರೀ. ಅವರದು, ಒಂದು ಪ್ಯಾರಾ ಯಾವುದೋ ಗೈಡಿನದು, ಒಂದು ನಮ್ಮ ಗುರುಗಳದು. ಯಾವುದು ಯಾರದು ಎಂದು ನಾವು ಹೇಳುವುದಿಲ್ಲ. ಅದನ್ನು ಬಾಯಿಪಾಠ ಮಾಡಿ ಅಕ್ಷರ ಬಿಡದೆ ಇಳಿಸಿದವನಿಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ. ತನ್ನ ಮಾತಿನಲ್ಲಿ ಬರೆದವನಿಗೆ ‘ಕೀ ಆನ್ಸರ್’ನಲ್ಲಿ ಇಲ್ಲ ಎಂದು ಅಂಕ ಕಡಿತ. ಎರಡೂವರೆ ವರ್ಷ ಹೀಗೆ ತರಬೇತಿ ಕೊಟ್ಟು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಸ್ವಂತ ಬುದ್ಧಿಯಿಂದ ಬರೆ ಎಂದರೆ ಅವನಿಗೆ ಗೊಂದಲವಾಗುವುದು ಸಹಜ. ಬಡ್ತಿಯ ಅಂಕಕ್ಕಾಗಿ ದುಡ್ಡು ಕೊಟ್ಟು ಲೇಖನ ಅಚ್ಚು ಹಾಕಿಸುವ ನಮ್ಮ ಅಭ್ಯಾಸ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ ಎಂದುಕೊಂಡಿದ್ದರೆ ಅದು ನಮ್ಮ ಭ್ರಮೆ. ಪಾಠದ ಹಾಳೆಯ ಕೆಳಗೆ ‘ಈ ಭಾಗ ಭಾರತೀಯ ಕಾವ್ಯಮೀಮಾಂಸೆಯಿಂದ’ ಎಂದು ಒಂದು ಸಾಲು ಬರೆಸುವುದಕ್ಕೆ ಯಾವ ಆಯೋಗದ ಸುತ್ತೋಲೆಯೂ ಬೇಕಿಲ್ಲ.

ಚಾಟ್‌ಜಿಪಿಟಿಯಂಥ ಯಂತ್ರಗಳ ಬಗ್ಗೆ ಹೇಳದಿದ್ದರೆ ಈ ಉಪನ್ಯಾಸ ಹಳೆಯದಾಯಿತು ಎನ್ನುತ್ತೀರಿ. ಅವು ಕನ್ನಡದಲ್ಲೂ ಸಲೀಸಾಗಿ ಬರೆಯುತ್ತವೆ. ಇರದ ಪುಸ್ತಕಕ್ಕೆ ಇರದ ಪುಟಸಂಖ್ಯೆ ಕೊಡುವಷ್ಟು ಧೈರ್ಯವೂ ಅವಕ್ಕಿದೆ. ಅವುಗಳನ್ನು ನಿಷೇಧಿಸುವುದು ನಮ್ಮ ಕೈಯಲ್ಲಿಲ್ಲ. ಪ್ರತಿ ವಿದ್ಯಾರ್ಥಿಯ ಜೇಬಿನಲ್ಲೂ ಇವೆ. ಯಂತ್ರದ ಸಹಾಯ ಪಡೆದಿದ್ದರೆ ಯಾವ ಭಾಗಕ್ಕೆ ಪಡೆದೆ ಎಂದು ಬರೆ, ಅದು ಕೊಟ್ಟ ಪ್ರತಿ ಪುಸ್ತಕವನ್ನೂ ಗ್ರಂಥಾಲಯದಲ್ಲಿ ನೋಡಿಕೊಂಡು ಬಾ, ಇಷ್ಟು ಸಾಕು ಎಂದು ನನ್ನ ಅಭಿಪ್ರಾಯ. ಹುಂಚದ ಕಲ್ಲಿನ ಮುಂದೆ ನಿಂತು ಎಷ್ಟು ಸಾಲು ಸವೆದಿದೆ ಎಂದು ಎಣಿಸಿ ಬರೆಯುವ ಕೆಲಸ ಕೊಟ್ಟರೆ, ಹಾಡಿದವರನ್ನು ಭೇಟಿಯಾಗಿ ಬರೆಯುವ ಕೆಲಸ ಕೊಟ್ಟರೆ, ಯಂತ್ರಕ್ಕೆ ಅಲ್ಲಿ ಹೆಚ್ಚು ಕೆಲಸ ಸಿಗುವುದಿಲ್ಲ.

ಕೊನೆಯದಾಗಿ ಒಂದು ಸಲಹೆ. ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೆ ನೂರಾರು ಪ್ರಾಜೆಕ್ಟ್ ವರದಿಗಳು ತಯಾರಾಗುತ್ತವೆ. ಅಂಕ ಹಾಕಿದ ಮೇಲೆ ಅವು ಬೀರುವಿನ ಮೇಲೆ ದೂಳು ತಿಂದು, ಕೆಲವು ವರ್ಷದ ಬಳಿಕ ಗುಜರಿಗೆ ಹೋಗುತ್ತವೆ. ವಿದ್ಯಾರ್ಥಿಗೆ ಇದು ಗೊತ್ತು. ಯಾರೂ ಓದದ ಬರವಣಿಗೆಯಲ್ಲಿ ಯಾರೂ ಪ್ರಾಮಾಣಿಕವಾಗಿರುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಮೂರು ತಾಲ್ಲೂಕಿನ ಕಾಲೇಜುಗಳು ಸೇರಿ ಒಳ್ಳೆಯ ವರದಿಗಳನ್ನು ಆಯ್ದು, ಬರೆದವರ ಒಪ್ಪಿಗೆ ಪಡೆದು, ಗ್ರಂಥಾಲಯದಲ್ಲಿ ಊರುವಾರು ಜೋಡಿಸಿಡಬಹುದು. ಅದೇ ಊರಿನ ಮೇಲೆ ಬರೆಯಲು ಹೊರಟ ಮುಂದಿನ ತಂಡ ಹಿಂದಿನವರ ವರದಿಯನ್ನು ಓದಿ, ಹೆಸರು ಹೇಳಿ, ಒಪ್ಪದಿದ್ದರೆ ಯಾಕೆ ಎಂದು ಬರೆದ ಮೇಲೆಯೇ ತನ್ನ ಕೆಲಸ ಶುರು ಮಾಡಬೇಕು ಎಂಬ ಕಟ್ಟಳೆ ಮಾಡಬಹುದು. ಮಾಹಿತಿ ಕೊಟ್ಟ ಮನೆಗೂ ಒಂದು ಪ್ರತಿ ಹೋಗಬೇಕು. ಅಲ್ಲಿ ತಪ್ಪು ಹಿಡಿಯುವವರು ಪರೀಕ್ಷಕರಿಗಿಂತ ಖಡಕ್ಕಾಗಿರುತ್ತಾರೆ. ಇದಕ್ಕೆ ಒಂದು ಬೀರು, ಒಂದು ದಾಖಲೆ ಪುಸ್ತಕ, ವರ್ಷ ವರ್ಷ ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಬೀರು, ಪುಸ್ತಕಗಳ ಖರ್ಚನ್ನು ಈ ಉಪನ್ಯಾಸ ನಡೆಸುವಂಥ ದತ್ತಿಯೊಂದರ ಬಡ್ಡಿಯೇ ತೂಗಿಸೀತು. ನೋಡಿಕೊಳ್ಳುವವರನ್ನು ಹುಡುಕುವುದು ಕಷ್ಟ. ವರ್ಗಾವಣೆಯಾಗದ, ಕಾಯಂ ಆದ ಅಧ್ಯಾಪಕರು ನಮ್ಮಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದು ಈ ಸಭೆಗೆ ನಾನು ಹೇಳಬೇಕಾದ ಸಂಗತಿಯಲ್ಲ. ಆದರೂ ಒಂದು ಕಾಲೇಜಿನಲ್ಲಿ, ಒಂದು ವಿಭಾಗದಲ್ಲಿ ಶುರುವಾದರೆ ಸಾಕು. ತನ್ನ ವರದಿಯನ್ನು ಮುಂದಿನ ತರಗತಿಯ ಹುಡುಗನೊಬ್ಬ ಹೆಸರು ಹೇಳಿ ಬಳಸಿಕೊಂಡದ್ದನ್ನು, ಇಲ್ಲವೇ ಹೆಸರು ಹೇಳದೆ ಎತ್ತಿಕೊಂಡದ್ದನ್ನು ಕಂಡ ಹುಡುಗಿಗೆ ಈ ವಿಷಯದಲ್ಲಿ ಇನ್ನೊಂದು ಉಪನ್ಯಾಸ ಬೇಕಾಗುವುದಿಲ್ಲ.